ಬಿಟ್ಟಿಯೋ, ಸ್ವಾತಂತ್ರ್ಯವೋ? ಮುಕ್ತ ತಂತ್ರಾಂಶದವರನ್ನು ವ್ಯಾಪಾರಸ್ಥರು ಕಂಡ ಬಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ನುಗ್ಗೇಹಳ್ಳಿಯ ಚರಿತ್ರೆ ಎಂದರೆ ಲಕ್ಷ್ಮೀನರಸಿಂಹಸ್ವಾಮಿ ದೇವಾಲಯ, ಬೊಮ್ಮಣ್ಣ ದಂಡನಾಯಕ, ಕ್ರಿ.ಶ. 1246 ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದನ್ನು ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ತೀರ ಈಚಿನ ಒಂದು ಚರಿತ್ರೆ. ಸಂಘದ ಆಫೀಸಿನ ಮೇಜಿನ ಮೇಲೆ ಕುಳಿತಿರುವ ಕಂಪ್ಯೂಟರಿಗೆ ಸಂಬಂಧಪಟ್ಟದ್ದು.

ಇದಕ್ಕೆ ಕಾರಣವಿದೆ. ಹಾಲಿನ ಲೆಕ್ಕಕ್ಕೆ ಹೊಸ ತಂತ್ರಾಂಶ ತರುವ ಮಾತು ಬಂದಾಗ ಅದನ್ನು ಮಾರುವವರೊಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಬೆಂಗಳೂರಿನಲ್ಲಿ ಓದುವ ಹುಡುಗನೊಬ್ಬ ಅಲ್ಲೇ ಇದ್ದವನು, “ಇದಕ್ಕೆ ಮುಕ್ತ ತಂತ್ರಾಂಶ ಅಂತ ಇರುತ್ತಲ್ಲ ಸಾರ್, ಅದನ್ನ ಹಾಕಬಹುದಲ್ಲ?” ಅಂದ. ಬಂದವರು ನಕ್ಕರು. “ಅಯ್ಯೋ, ಅವರು ವ್ಯಾಪಾರ ಅಂದ್ರೆ ಆಗದೇ ಇರೋ ಜನ ಕಣಪ್ಪ. ಎಲ್ಲಾ ಬಿಟ್ಟಿ ಕೊಡ್ಬೇಕು ಅಂತಾರೆ. ಬಿಟ್ಟಿ ಕೊಟ್ಟೋರು ನಾಳೆ ಕೆಟ್ಟರೆ ಬರ್ತಾರಾ?” ಎಂದರು. ನಮ್ಮಲ್ಲಿ ಬಹಳ ಜನ ತಲೆಯಾಡಿಸಿದೆವು. ಆಮೇಲೆ ಮನೆಗೆ ಬಂದು ಯೋಚನೆ ಮಾಡಿದಾಗ, ಈ ಮಾತು ನಿಜವೇ, ಇದು ಎಲ್ಲಿಂದ ಬಂತು ಎಂದು ತಿಳಿಯುವ ಆಸೆಯಾಯಿತು. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಒಂದು ಪದ, ಎರಡು ಅರ್ಥ

ಮೊದಲು ತಂತ್ರಾಂಶ ಎಂದರೇನು ಎಂಬುದನ್ನು ಹೇಳಿಬಿಡೋಣ. ಕಂಪ್ಯೂಟರು ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂದು ಬರೆದ ಆದೇಶಗಳ ಸರಣಿಯೇ ತಂತ್ರಾಂಶ. ಮನುಷ್ಯರು ಓದಿ ತಿದ್ದಬಲ್ಲ ರೂಪಕ್ಕೆ ಮೂಲ ಸಂಕೇತ ಎನ್ನುತ್ತಾರೆ. ಅಂಗಡಿಯಿಂದ ಬರುವ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಈ ಮೂಲ ಇರುವುದಿಲ್ಲ. ಯಂತ್ರಕ್ಕೆ ಮಾತ್ರ ತಿಳಿಯುವ ರೂಪ ಇರುತ್ತದೆ. ಗುಮಾಸ್ತ ಮೊತ್ತ ಹೇಳುತ್ತಾನೆ, ಲೆಕ್ಕದ ಪುಸ್ತಕ ತೋರಿಸುವುದಿಲ್ಲ ಎಂದ ಹಾಗೆ.

ಮೂಲ ಸಂಕೇತವನ್ನೂ ಕೊಟ್ಟು, ಯಾವ ಕೆಲಸಕ್ಕಾದರೂ ಬಳಸಿ, ಓದಿ ತಿದ್ದಿಕೊಳ್ಳಿ, ಪ್ರತಿ ಮಾಡಿ ಬೇರೆಯವರಿಗೆ ಕೊಡಿ, ತಿದ್ದಿದ್ದನ್ನೂ ಹಂಚಿ ಎಂದು ಹಕ್ಕು ಕೊಡುವ ತಂತ್ರಾಂಶಕ್ಕೆ ಇಂಗ್ಲಿಷಿನಲ್ಲಿ ‘ಫ್ರೀ ಸಾಫ್ಟ್‌ವೇರ್’ ಎಂಬ ಹೆಸರು ಬಂತು. ಗೊಂದಲ ಹುಟ್ಟಿದ್ದೇ ಇಲ್ಲಿ. ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೆ ಬಿಟ್ಟಿ ಎಂದೂ ಅರ್ಥ, ಸ್ವತಂತ್ರ ಎಂದೂ ಅರ್ಥ. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಸ್ವತಂತ್ರ. ವ್ಯಾಪಾರಸ್ಥರ ಕಿವಿಗೆ ಬಿದ್ದದ್ದು ಬಿಟ್ಟಿ. ನಮ್ಮ ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿವೆ. ಆದರೂ ನಾವು ‘ಫ್ರೀ’ ಎಂದೇ ಹೇಳಿ ಅದೇ ಹಳ್ಳಕ್ಕೆ ಬೀಳುತ್ತೇವೆ.

ಜಗಳದ ಮೊದಲ ದಿನಗಳು

ಕಂಪ್ಯೂಟರಿನ ಆರಂಭದ ಕಾಲದಲ್ಲಿ ಯಂತ್ರಕ್ಕೆ ಬೆಲೆ ಇತ್ತೇ ಹೊರತು ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಬಹುಮಟ್ಟಿಗೆ ಇರಲಿಲ್ಲ. ವಿಶ್ವವಿದ್ಯಾನಿಲಯದವರು ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ಕೂಡುವಳಿ ಕಣದಲ್ಲಿ ಒಬ್ಬರ ಗುಂಡನ್ನು ಇನ್ನೊಬ್ಬರು ಕೇಳಿ ಪಡೆದ ಹಾಗೆ ಕೊಟ್ಟು ತೆಗೆದುಕೊಳ್ಳುವುದು ನಡೆದಿತ್ತು. 1970ರ ದಶಕದಲ್ಲಿ ಮನೆಯಲ್ಲಿಟ್ಟುಕೊಳ್ಳುವ ಸಣ್ಣ ಕಂಪ್ಯೂಟರುಗಳು ಬಂದಾಗ ತಂತ್ರಾಂಶವನ್ನೇ ಮಾರುವ ಕಂಪನಿಗಳು ಹುಟ್ಟಿದವು. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಎಂಬ ತರುಣ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ನಾವು ಕಷ್ಟಪಟ್ಟು ಬರೆದ ಪ್ರೋಗ್ರಾಮನ್ನು ನಿಮ್ಮಲ್ಲಿ ಹೆಚ್ಚಿನವರು ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಿದ್ದೀರಿ, ಇದು ಕಳ್ಳತನ, ಹೀಗಾದರೆ ಒಳ್ಳೆಯ ತಂತ್ರಾಂಶವನ್ನು ಯಾರು ತಾನೇ ಬರೆದಾರು ಎಂಬುದು ಅದರ ಸಾರಾಂಶ. ಆತನೇ ಮುಂದೆ ಮೈಕ್ರೋಸಾಫ್ಟ್ ಕಂಪನಿಯಿಂದ ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರಾದರು. ಪತ್ರದಲ್ಲಿದ್ದ ದೂರು ಸುಳ್ಳಲ್ಲ. ದುಡಿದವನಿಗೆ ಕೂಲಿ ಸಿಗಬೇಕು ಎಂಬುದನ್ನು ರೈತರಾದ ನಾವು ಅಲ್ಲಗಳೆಯಲಾರೆವು.

ಇನ್ನೊಂದು ಕಡೆಯ ಕಥೆ ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯದು. ಅಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. 1980ರ ಸುಮಾರಿಗೆ ಅವರ ಪ್ರಯೋಗಾಲಯಕ್ಕೆ ಹೊಸ ಮುದ್ರಣ ಯಂತ್ರವೊಂದು ಬಂತು. ಕಾಗದ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಳೆಯ ಯಂತ್ರದ ತಂತ್ರಾಂಶದ ಮೂಲ ಕೈಯಲ್ಲಿದ್ದುದರಿಂದ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವ ಹಾಗೆ ಅವರೇ ತಿದ್ದಿಕೊಂಡಿದ್ದರು. ಹೊಸದರ ಮೂಲ ಇರಲಿಲ್ಲ. ಅದು ಯಾರ ಬಳಿ ಇದೆಯೋ ಅವರನ್ನು ಹುಡುಕಿಕೊಂಡು ಹೋಗಿ ಕೇಳಿದರೆ, ಕಂಪನಿಗೆ ಮಾತು ಕೊಟ್ಟಿದ್ದೇನೆ, ಕೊಡಲಾರೆ ಎಂಬ ಉತ್ತರ ಬಂತು. ದುಡ್ಡಿನ ಮಾತೇ ಅಲ್ಲಿ ಬರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ಮನೆಯ ಯಂತ್ರವನ್ನು ನಾವೇ ರಿಪೇರಿ ಮಾಡಿಕೊಳ್ಳಲು ಬಿಡಲಿಲ್ಲ ಎಂಬುದೇ ದೂರು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್‌ಮನ್ ‘ಗ್ನೂ’ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆ ಪ್ರಕಟಿಸಿದರು. 1985ರಲ್ಲಿ ಅದಕ್ಕೊಂದು ಪ್ರತಿಷ್ಠಾನ, 1989ರಲ್ಲಿ ಜಿ.ಪಿ.ಎಲ್. ಎಂಬ ಲೈಸೆನ್ಸು ಬಂತು.

ಮಾರಬಾರದು ಎಂದವರು ಯಾರು?

ಇಲ್ಲಿಂದ ಮುಂದೆ ವ್ಯಾಪಾರಸ್ಥರ ವಲಯದಲ್ಲಿ, ಈ ಜನ ವ್ಯಾಪಾರದ ವೈರಿಗಳು ಎಂಬ ಮಾತು ಹಬ್ಬಿತು. ಆದರೆ ನಡೆದ ಸಂಗತಿ ನೋಡಿದರೆ ಬೇರೆಯೇ ಕಾಣುತ್ತದೆ. ಸ್ಟಾಲ್‌ಮನ್ ಸ್ವತಃ ತಾವು ಬರೆದ ‘ಈಮ್ಯಾಕ್ಸ್’ ಎಂಬ ತಂತ್ರಾಂಶವನ್ನು 1985ರಲ್ಲಿ ಟೇಪಿನಲ್ಲಿ ತುಂಬಿ 150 ಡಾಲರಿಗೆ ಮಾರಿ ಜೀವನ ಸಾಗಿಸುತ್ತಿದ್ದರು. ಕೊಂಡವನಿಗೆ ಮೂಲ ಸಂಕೇತವೂ ಸಿಗುತ್ತಿತ್ತು, ಅದನ್ನು ಇನ್ನೊಬ್ಬರಿಗೆ ಕೊಡುವ ಹಕ್ಕೂ ಸಿಗುತ್ತಿತ್ತು. ಬೆಲೆ ಇತ್ತು, ಬೀಗ ಇರಲಿಲ್ಲ.

ಇನ್ನೂ ಸ್ವಾರಸ್ಯವಾದ ಸಂಗತಿ ಲಿನಕ್ಸ್‌ನದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅದನ್ನು ಹೊರಗೆ ಬಿಟ್ಟಾಗ, ಇದನ್ನು ಹಂಚುವುದಕ್ಕೆ ಯಾರೂ ದುಡ್ಡು ತೆಗೆದುಕೊಳ್ಳಕೂಡದು ಎಂದು ಷರತ್ತು ಹಾಕಿದ್ದರು. 1992ರಲ್ಲಿ ಆ ಷರತ್ತನ್ನು ತೆಗೆದು ಸ್ಟಾಲ್‌ಮನ್ನರ ಜಿ.ಪಿ.ಎಲ್. ಲೈಸೆನ್ಸಿಗೆ ಬದಲಾಯಿಸಿದರು. ಅಂದರೆ ಮಾರಬಾರದು ಎಂದಿದ್ದ ತಂತ್ರಾಂಶಕ್ಕೆ ಮಾರಲು ಅನುಮತಿ ಸಿಕ್ಕಿದ್ದು, ವ್ಯಾಪಾರ ವಿರೋಧಿ ಎಂದು ಹೆಸರಾದ ಅದೇ ಲೈಸೆನ್ಸಿನಿಂದ! ಆಮೇಲೆ ರೆಡ್ ಹ್ಯಾಟ್‌ನಂತಹ ಕಂಪನಿಗಳು 1993ರಿಂದ ಲಿನಕ್ಸನ್ನು ಅಚ್ಚುಕಟ್ಟು ಮಾಡಿ, ಮಾರಿ, ಕೆಟ್ಟರೆ ಬಂದು ನೋಡುವ ಸೇವೆಗೆ ಹಣ ಪಡೆದು ಬೆಳೆದವು. “ಕೆಟ್ಟರೆ ಬರ್ತಾರಾ?” ಎಂಬ ಪ್ರಶ್ನೆಗೆ ಉತ್ತರ ಆಗಲೇ ಹುಟ್ಟಿತ್ತು.

ಸಹಕಾರಿಗಳಾದ ನಮಗೆ ಇದು ಹೊಸದೇನಲ್ಲ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ಬಡ ಕೆಲಸಗಾರರು ತೆರೆದ ಸಹಕಾರಿ ಅಂಗಡಿ ಸಾಮಾನನ್ನು ಬಿಟ್ಟಿ ಹಂಚಲಿಲ್ಲ, ಪೇಟೆಯ ದರಕ್ಕೇ ಮಾರಿತು. ಲಾಭ ಮಾತ್ರ ಸದಸ್ಯರಿಗೆ ಮರಳಿತು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೂ ಸಾಲವನ್ನು ದಾನ ಕೊಡಲಿಲ್ಲ, ಬಡ್ಡಿಗೇ ಕೊಟ್ಟಿತು. ನಮ್ಮ ನಂದಿನಿ ಹಾಲೂ ಪೇಟೆಯಲ್ಲಿ ಬೆಲೆಗೇ ಮಾರಾಟವಾಗುತ್ತದೆ. ಹಾಗಿದ್ದರೂ ಹಾಲಿನ ಸಂಘ ಬಂದ ಹೊಸತರಲ್ಲಿ, “ಇವರು ನಮ್ಮ ವ್ಯಾಪಾರ ಹಾಳುಮಾಡೋಕೆ ಬಂದೋರು” ಎಂದು ಮನೆ ಮನೆಗೆ ಬಂದು ಹಾಲು ಕೊಳ್ಳುತ್ತಿದ್ದವರು ಆಡುತ್ತಿದ್ದುದನ್ನು ನಮ್ಮ ಹಿರಿಯರು ಈಗಲೂ ನೆನೆಯುತ್ತಾರೆ. ಸಂಘ ಕೆಡಿಸಿದ್ದು ವ್ಯಾಪಾರವನ್ನಲ್ಲ. ಅಳತೆಯೂ ದರವೂ ಒಬ್ಬನ ಕೈಯಲ್ಲೇ ಇರುವ ಏರ್ಪಾಟನ್ನು.

ಹೆದರಿಕೆಯ ಕಾಲ

1998ರಲ್ಲಿ ನೆಟ್‌ಸ್ಕೇಪ್ ಎಂಬ ಕಂಪನಿ ತನ್ನ ತಂತ್ರಾಂಶದ ಮೂಲವನ್ನು ಬಯಲಿಗಿಡುವುದಾಗಿ ಸಾರಿತು. ಅದೇ ವರ್ಷ ಕೆಲವರು ಸೇರಿ, ‘ಫ್ರೀ’ ಎಂದರೆ ವ್ಯಾಪಾರಸ್ಥರು ಬೆಚ್ಚಿಬೀಳುತ್ತಾರೆ, ಹೆಸರು ಬದಲಾಯಿಸೋಣ ಎಂದು ‘ಓಪನ್ ಸೋರ್ಸ್’, ಅಂದರೆ ಮುಕ್ತ ಮೂಲ, ಎಂಬ ಹೆಸರನ್ನು ಚಾಲ್ತಿಗೆ ತಂದರು. ಸ್ಟಾಲ್‌ಮನ್ನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಕ್ಕಿನ ಮಾತನ್ನು ಮರೆಸಿ ಬರೀ ಅನುಕೂಲದ ಮಾತಾಡುತ್ತೀರಿ ಎಂದರು. ಹೀಗೆ ಒಂದೇ ಮನೆಯಲ್ಲಿ ಎರಡು ಒಲೆ ಆಯಿತು. ಹೊರಗಿನಿಂದ ನೋಡುವ ವ್ಯಾಪಾರಸ್ಥರಿಗೆ ಮಾತ್ರ ಎಲ್ಲರೂ ಒಂದೇ ಗುಂಪಾಗಿ ಕಂಡರು.

ಆ ವರ್ಷವೇ ಮೈಕ್ರೋಸಾಫ್ಟಿನ ಒಳಗಿನ ಟಿಪ್ಪಣಿಯೊಂದು ಹೊರಬಿತ್ತು. ಇವರ ತಂತ್ರಾಂಶ ಗುಣದಲ್ಲಿ ನಮ್ಮದಕ್ಕೆ ಸಾಟಿಯಾಗಬಲ್ಲದು, ಇದರಿಂದ ನಮಗೆ ಅಪಾಯವಿದೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. 2001ರ ಜೂನಿನಲ್ಲಿ ಆ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಪತ್ರಿಕೆಯೊಂದರ ಸಂದರ್ಶನದಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದರು. ಅದರ ಲೈಸೆನ್ಸು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಎಂಬುದು ಅವರ ವಾದ.

ಈ ವಾದ ಎಷ್ಟು ಸರಿ ಎಂದು ನೋಡೋಣ. ಜಿ.ಪಿ.ಎಲ್. ತಂತ್ರಾಂಶವನ್ನು ಬಳಸಿ ನೀವು ಕಾಗದ ಬರೆದರೆ, ಲೆಕ್ಕ ಇಟ್ಟರೆ, ಆ ಕಾಗದವನ್ನಾಗಲಿ ಲೆಕ್ಕವನ್ನಾಗಲಿ ಯಾರಿಗೂ ಕೊಡಬೇಕಾಗಿಲ್ಲ. ತಂತ್ರಾಂಶವನ್ನು ತಿದ್ದಿ ನಿಮ್ಮಲ್ಲೇ ಬಳಸಿಕೊಂಡರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ತಿದ್ದಿದ್ದನ್ನು ಇನ್ನೊಬ್ಬರಿಗೆ ಮಾರಿದರೆ ಅಥವಾ ಹಂಚಿದರೆ ಮಾತ್ರ, ಪಡೆದವರಿಗೆ ಅದರ ಮೂಲವನ್ನೂ ಅದೇ ಹಕ್ಕುಗಳನ್ನೂ ಕೊಡಬೇಕು. ಬಿತ್ತನೆಗೆ ಬೀಜ ಕಡ ತಂದವನು ಕೇಳಿದವರಿಗೆ ತಾನೂ ಕಡ ಕೊಡಬೇಕು ಎಂಬಂಥ ಕಟ್ಟಳೆ ಇದು. ಇನ್ನೊಂದು ತಪ್ಪು ತಿಳಿವಳಿಕೆಯೂ ಇತ್ತು: ಇವರು ಬರೆದವನ ಹಕ್ಕನ್ನೇ ಒಪ್ಪುವುದಿಲ್ಲ ಎಂದು. ನಿಜದಲ್ಲಿ ಆ ಲೈಸೆನ್ಸು ನಿಂತಿರುವುದೇ ಬರೆದವನ ಕೃತಿಸ್ವಾಮ್ಯದ ಕಾನೂನಿನ ಮೇಲೆ. ಬರೆದವರ ಹೆಸರನ್ನು ಅಳಿಸಕೂಡದು. ನಮ್ಮ ಊರ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಏಳೂ ಮುಕ್ಕಾಲು ಶತಮಾನ ಎಷ್ಟೋ ಜನ ನೋಡಿ ಕಲಿತಿದ್ದಾರೆ. ಹೆಸರು ಹಾಗೆಯೇ ಇದೆ.

ಹಾಗಂತ ವ್ಯಾಪಾರಸ್ಥರ ಹೆದರಿಕೆಯೆಲ್ಲ ಬರೀ ಭ್ರಮೆ ಎಂದರೆ ಅನ್ಯಾಯವಾದೀತು. ಮೂಲ ಮುಚ್ಚಿಟ್ಟ ತಂತ್ರಾಂಶವೇ ಅನೀತಿ ಎಂದು ಸ್ಟಾಲ್‌ಮನ್ ಬಾಯಿಬಿಟ್ಟು ಹೇಳಿದವರು, ಅದರಲ್ಲಿ ರಾಜಿ ಮಾಡಿಕೊಂಡವರಲ್ಲ. ಅಂಥ ತಂತ್ರಾಂಶ ಮಾರಿ ಸಂಸಾರ ನಡೆಸುವವನಿಗೆ ಈ ಮಾತು ಹಿತವಾಗುವುದಾದರೂ ಹೇಗೆ? ಸಮುದಾಯದಲ್ಲಿ ಕಂಪನಿ ಎಂದ ಕೂಡಲೇ ಕೆರಳುವವರೂ ಇದ್ದರು. ಬೇಕಾದವರು ನೀವೇ ಓದಿಕೊಳ್ಳಿ ಎಂದು ಗದರುವವರೂ ಇದ್ದರು. ತಪ್ಪು ಎರಡು ಕಡೆಯಲ್ಲೂ ಇತ್ತು ಎಂದೇ ಹೇಳಬೇಕು.

ಗಾಳಿ ತಿರುಗಿದ್ದು

ವ್ಯಾಪಾರಸ್ಥರಲ್ಲೂ ಎಲ್ಲರೂ ಒಂದೇ ಥರ ಯೋಚಿಸಲಿಲ್ಲ. ಬಾಲ್ಮರ್ ಆ ಮಾತಾಡುವುದಕ್ಕೆ ಮೊದಲೇ ಐ.ಬಿ.ಎಂ. ಕಂಪನಿ ಲಿನಕ್ಸಿನ ಮೇಲೆ ನೂರು ಕೋಟಿ ಡಾಲರ್ ತೊಡಗಿಸುವುದಾಗಿ ಹೇಳಿತ್ತು. ಅದೇ ಐ.ಬಿ.ಎಂ. 2019ರಲ್ಲಿ ರೆಡ್ ಹ್ಯಾಟ್ ಕಂಪನಿಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡುಕೊಂಡಿತು. ಮೈಕ್ರೋಸಾಫ್ಟಿನಲ್ಲೂ ಬದಲಾವಣೆಯಾಯಿತು. ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ 2014ರಲ್ಲಿ ಅದರ ಮುಖ್ಯಸ್ಥರಾದ ಮೇಲೆ ಕಂಪನಿ ಲಿನಕ್ಸನ್ನು ಪ್ರೀತಿಸುತ್ತದೆ ಎಂದು ಸಾರಿದರು. 2016ರಲ್ಲಿ ಲಿನಕ್ಸ್ ಪ್ರತಿಷ್ಠಾನಕ್ಕೆ ಸದಸ್ಯರಾದರು. 2018ರಲ್ಲಿ, ಮುಕ್ತ ತಂತ್ರಾಂಶದವರು ತಮ್ಮ ಮೂಲ ಸಂಕೇತಗಳನ್ನು ಇಡುವ ಗಿಟ್‌ಹಬ್ ಎಂಬ ಉಗ್ರಾಣವನ್ನೇ 750 ಕೋಟಿ ಡಾಲರಿಗೆ ಕೊಂಡರು. 2020ರಲ್ಲಿ ಆ ಕಂಪನಿಯ ಅಧ್ಯಕ್ಷ ಬ್ರಾಡ್ ಸ್ಮಿತ್, ಮುಕ್ತ ತಂತ್ರಾಂಶದ ವಿಷಯದಲ್ಲಿ ನಾವು ಇತಿಹಾಸದ ತಪ್ಪು ಪಕ್ಕದಲ್ಲಿ ನಿಂತಿದ್ದೆವು ಎಂಬ ಅರ್ಥದ ಮಾತಾಡಿದರು.

ಇದೆಲ್ಲ ದೂರದ ದೊಡ್ಡವರ ಸುದ್ದಿ, ನಮಗೇನು ಎಂದು ಕೇಳಬಹುದು. ನಿಮ್ಮ ಜೇಬಿನಲ್ಲಿರುವ ಮೊಬೈಲು ಆಂಡ್ರಾಯ್ಡ್ ಆಗಿದ್ದರೆ ಅದರ ತಿರುಳಿನಲ್ಲಿ ಓಡುತ್ತಿರುವುದು ಇದೇ ಲಿನಕ್ಸ್. ಹಾಲಿನ ಬಟವಾಡೆ ಬಂತೇ ಎಂದು ನೋಡುವಾಗಲೆಲ್ಲ ನೀವು ಅದನ್ನೇ ಬಳಸುತ್ತಿದ್ದೀರಿ.

ನಮ್ಮ ನಾಡಿನ ಕಥೆ

ಕನ್ನಡದ ಮಟ್ಟಿಗೆ ಈ ಚರಿತ್ರೆ ಅಕ್ಷರಗಳಿಂದಲೇ ಶುರುವಾಗುತ್ತದೆ. ಪ್ರಕಾಶಕ್, ಶ್ರೀಲಿಪಿ, ಆಕೃತಿ ಮುಂತಾದ ಮಾರಾಟದ ತಂತ್ರಾಂಶಗಳು ಕನ್ನಡದ ಅಚ್ಚುಮನೆಗಳನ್ನು ಕಂಪ್ಯೂಟರಿಗೆ ತಂದವು. ಲಗ್ನಪತ್ರಿಕೆಯಿಂದ ಹಿಡಿದು ಕಾದಂಬರಿಯವರೆಗೆ ಎಲ್ಲವೂ ಅವುಗಳಲ್ಲೇ ಆದವು. ಎಷ್ಟೋ ಹುಡುಗರು ಡಿ.ಟಿ.ಪಿ. ಕಲಿತು ಹೊಟ್ಟೆ ಹೊರೆದರು. ಆ ಉಪಕಾರವನ್ನು ಮರೆಯಬಾರದು. ಆದರೆ ಒಂದೊಂದು ತಂತ್ರಾಂಶದಲ್ಲಿ ಅಕ್ಷರಗಳನ್ನು ಜೋಡಿಸಿಡುವ ಕ್ರಮ ಒಂದೊಂದು ಥರ. ಒಂದರಲ್ಲಿ ಬೆರಳಚ್ಚು ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ನಮ್ಮ ಭಾಷೆಯೇ ನಮಗೆ ಓದಲಾಗದೆ ಹೋಗುವ ಪರಿಸ್ಥಿತಿ ಅದು.

ಮಂಗಳೂರಿನ ಕಡೆಯವರಾದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸ ಮಾಡಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಸ್ವಲ್ಪ ಮಾರ್ಪಾಡಿನೊಂದಿಗೆ ಅದೇ ಸರ್ಕಾರದ ಒಪ್ಪಿಗೆ ಪಡೆದ ಕೀಲಿಮಣೆಯಾಯಿತು. ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶವನ್ನು ಸರ್ಕಾರ ಉಚಿತವಾಗಿ ಹಂಚಿತು. ಇದಕ್ಕೂ ಮೊದಲು 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಹೊರತಂದು ವರ್ಷಾನುಗಟ್ಟಲೆ ಉಚಿತವಾಗಿ ಕೊಟ್ಟರು. ಪರದೇಶದಲ್ಲಿದ್ದ ಕನ್ನಡಿಗರೂ ಕಾಗದ ಬರೆಯುವಂತಾದದ್ದು ಅದರಿಂದ. ನಂತರದ ಆವೃತ್ತಿಗಳಿಗೆ ಅವರು ಬೆಲೆ ಇಟ್ಟರು. ದುಡಿದವರು ಬೆಲೆ ಇಟ್ಟರೆ ಅದರಲ್ಲಿ ತಪ್ಪಿಲ್ಲ. ನಮಗೆ ಇಲ್ಲಿ ಕಾಣಬೇಕಾದ ಪಾಠ ಬೇರೆ. ಉಚಿತವಾಗಿ ಸಿಕ್ಕಿದ್ದೆಲ್ಲ ಮುಕ್ತವಲ್ಲ. ಮೂಲ ಕೈಯಲ್ಲಿ ಇಲ್ಲದಿದ್ದರೆ, ಬಿಟ್ಟಿ ಕೊಡುವುದೂ ನಿಲ್ಲಿಸುವುದೂ ಕೊಡುವವರ ಇಷ್ಟ.

ಇನ್ನೊಂದು ಕಡೆ, ಲಾಭಕ್ಕಾಗಿಯೇ ಇರುವ ರೆಡ್ ಹ್ಯಾಟ್ ಕಂಪನಿ 2004ರಲ್ಲಿ ‘ಲೋಹಿತ್’ ಎಂಬ ಭಾರತೀಯ ಲಿಪಿಗಳ ಅಕ್ಷರಗಳನ್ನು ಮುಕ್ತ ಲೈಸೆನ್ಸಿನಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಕನ್ನಡವೂ ಸೇರಿದೆ. ಹೀಗೆ, ಪ್ರೀತಿಯಿಂದ ಉಚಿತವಾಗಿ ಸಿಕ್ಕಿದ್ದು ಬೀಗದೊಳಗೆ ಇರಬಹುದು, ವ್ಯಾಪಾರಸ್ಥರಿಂದ ಬಂದದ್ದು ಮುಕ್ತವಾಗಿರಬಹುದು. ವ್ಯಾಪಾರ ಒಂದು ಕಡೆ, ಸಮುದಾಯ ಒಂದು ಕಡೆ ಎಂದು ಗೆರೆ ಎಳೆಯುವುದು ಅಷ್ಟು ಸುಲಭವಲ್ಲ.

ಬೆಂಗಳೂರಿನ ‘ಸಿಂಪ್ಯೂಟರ್’ ಪ್ರಯತ್ನವನ್ನೂ ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ ಹಳ್ಳಿಯವರಿಗೆಂದು ಅಂಗೈಯಗಲದ ಕಂಪ್ಯೂಟರ್ ಮಾಡಿ 2001ರಲ್ಲಿ ತೋರಿಸಿದರು. ಅದು ಓಡುತ್ತಿದ್ದದ್ದು ಲಿನಕ್ಸಿನಿಂದ. ಯಂತ್ರದ ವಿನ್ಯಾಸಕ್ಕೂ ಅವರು ಜಿ.ಪಿ.ಎಲ್. ಮಾದರಿಯ ಲೈಸೆನ್ಸು ಬರೆದರು. ತಯಾರಿಸಿ ಮಾರುವ ಕಂಪನಿ ಶುಲ್ಕ ಕೊಡಬೇಕು. ಅದು ಏನಾದರೂ ಸುಧಾರಣೆ ಮಾಡಿದರೆ ಒಂದು ವರ್ಷ ಅದರ ಲಾಭ ತಾನೇ ಪಡೆದು, ಆಮೇಲೆ ಎಲ್ಲರಿಗೂ ತೆರೆದಿಡಬೇಕು. ವ್ಯಾಪಾರಸ್ಥನ ಭಯವನ್ನೂ ಸಮುದಾಯದ ಹಕ್ಕನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಏರ್ಪಾಟು ಇದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೂ ತಂದರು. ಆದರೆ ನಿರೀಕ್ಷಿಸಿದಷ್ಟು ಖರ್ಚಾಗಲಿಲ್ಲ. ಮೊಬೈಲುಗಳು ಅಗ್ಗವಾಗಿ ಬಂದು ಅದರ ಜಾಗ ಹಿಡಿದವು. ಯಂತ್ರ ಹೋದರೂ ಆಲೋಚನೆ ಒಳ್ಳೆಯದಾಗಿತ್ತು ಎಂದು ನಮಗನ್ನಿಸುತ್ತದೆ.

ದುಡಿದವರ ಕೂಲಿ

ವ್ಯಾಪಾರಸ್ಥರು ಹೆದರುವುದನ್ನು ಬಿಟ್ಟರು, ಸರಿ. ಅಲ್ಲಿಗೆ ಕಥೆ ಸುಖಾಂತ್ಯವಾಯಿತೇ? ಇಲ್ಲ. ಹೆದರಿಕೆ ಹೋದ ಜಾಗಕ್ಕೆ ಇನ್ನೊಂದು ತಪ್ಪು ತಿಳಿವಳಿಕೆ ಬಂತು. ಇವರು ಹೇಗೂ ಕೊಡುವವರು, ತೆಗೆದುಕೊಳ್ಳೋಣ ಎಂಬುದು ಅದು. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆ ದೊಡ್ಡ ಕಂಪನಿಗಳಿಗೂ ಅನ್ವಯಿಸುತ್ತದೆ.

2014ರ ಏಪ್ರಿಲ್‌ನಲ್ಲಿ ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶದಲ್ಲಿ ದೊಡ್ಡ ತೂತು ಪತ್ತೆಯಾಯಿತು. ಬ್ಯಾಂಕು, ಅಂಗಡಿ, ಸರ್ಕಾರ ಎಲ್ಲರೂ ಗುಟ್ಟು ಕಾಯಲು ಅದನ್ನೇ ನಂಬಿದ್ದರು. ನೋಡಿದರೆ ಅದರ ಮೇಲೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಆಮೇಲೆ ಕಂಪನಿಗಳು ಎಚ್ಚೆತ್ತು ಒಂದು ನಿಧಿ ಮಾಡಿದವು. ಇನ್ನು ಕೆಲವು ಕಡೆ ಮುಕ್ತ ತಂತ್ರಾಂಶ ಕಟ್ಟಿದವರೇ ಬೇಸತ್ತರು. ತಮ್ಮ ತಂತ್ರಾಂಶವನ್ನು ಅಮೆಜಾನ್‌ನಂಥ ದೊಡ್ಡ ಕಂಪನಿ ಸೇವೆಯಾಗಿ ಮಾರಿಕೊಳ್ಳುತ್ತಿದೆ ಎಂದು ಎಲಾಸ್ಟಿಕ್ ಎಂಬ ಕಂಪನಿ 2021ರಲ್ಲಿ ತನ್ನ ಲೈಸೆನ್ಸನ್ನು ಬಿಗಿ ಮಾಡಿತು. ಅಮೆಜಾನ್‌ನವರು ಹಳೆಯ ಮೂಲವನ್ನು ಹಿಡಿದು ಬೇರೆ ಕವಲು ಮಾಡಿಕೊಂಡರು. 2024ರಲ್ಲಿ ಎಲಾಸ್ಟಿಕ್ ಮತ್ತೆ ಮುಕ್ತ ಲೈಸೆನ್ಸಿಗೆ ಮರಳಿತು.

ಒಳ್ಳೆಯ ಹಾಲನ್ನು ಹೋಟೆಲಿಗೆ ಕೊಟ್ಟು ಮಿಕ್ಕಿದ್ದನ್ನು ಡೈರಿಗೆ ತಂದು, ವರ್ಷದ ಕೊನೆಗೆ “ನನ್ನ ಬೋನಸ್ ಎಲ್ಲಿ?” ಎಂದು ಕೇಳುವ ಸದಸ್ಯರನ್ನು ನಾವು ನೋಡಿಲ್ಲವೇ? ಸಂಘ ಎಲ್ಲರದು ಎಂದರೆ ಯಾರದೂ ಅಲ್ಲ ಎಂದಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯದಿಂದ ಒಂದು ಒಳ್ಳೆಯ ಸುದ್ದಿ ಇದೆ. ಷೇರು ವ್ಯವಹಾರ ನಡೆಸುವ ಬೆಂಗಳೂರಿನ ಜೆರೋಧ ಕಂಪನಿ, ನಾವು ಬೆಳೆದದ್ದೇ ಮುಕ್ತ ತಂತ್ರಾಂಶದಿಂದ ಎಂದು ಹೇಳಿ, 2024ರ ಅಕ್ಟೋಬರಿನಲ್ಲಿ ಅಂಥ ತಂತ್ರಾಂಶ ಬರೆಯುವವರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ಆರಂಭಿಸಿತು. ಕೊಂಡವನು ಬೆಲೆ ಕೊಡುತ್ತಾನೆ. ಹಂಚಿಕೊಂಡವನು ಪಾಲು ಕೊಡಬೇಕು.

ನಮ್ಮ ಸಂಘಕ್ಕೆ ಇದರಿಂದ ಏನು?

ಈ ಮಾತು ನಮಗೆ ಬರೀ ಪುಸ್ತಕದಿಂದ ಬಂದದ್ದಲ್ಲ. ಹೊಸ ತಂತ್ರಾಂಶ ಹುಡುಕುವ ಪ್ರಮೇಯ ಬಂದದ್ದೇ ಹಳೆಯದು ಕೈಕೊಟ್ಟಿದ್ದರಿಂದ. ಅದನ್ನು ಮಾರಿದವರ ಹೆಸರು ಇಲ್ಲಿ ಬೇಡ. ಒಂದು ದಿನ ಅವರ ಫೋನು ಎತ್ತುವವರಿಲ್ಲದಾದರು. ತಂತ್ರಾಂಶ ತೆರೆಯಲು ವರ್ಷಕ್ಕೊಮ್ಮೆ ಅವರು ಕೊಡಬೇಕಾಗಿದ್ದ ಗುಪ್ತಸಂಖ್ಯೆ ಬರಲಿಲ್ಲ. ಸದಸ್ಯರು ಹಾಕಿದ ಹಾಲು, ಡಿಗ್ರಿ, ಕೊಬ್ಬಿನ ಅಂಶ, ಕೊಟ್ಟ ಮುಂಗಡ ಎಲ್ಲವೂ ನಮ್ಮದೇ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಇತ್ತು, ನಮಗೆ ಮಾತ್ರ ಕಾಣುವ ಹಾಗಿರಲಿಲ್ಲ. ನಮ್ಮ ಕಾರ್ಯದರ್ಶಿಗಳೂ ಹಾಲು ಪರೀಕ್ಷಕರೂ ಸದಸ್ಯರ ಪಾಸ್ ಪುಸ್ತಕಗಳನ್ನು ಮನೆ ಮನೆಯಿಂದ ತರಿಸಿ ರಾತ್ರಿಯೆಲ್ಲ ಕೂತು ಮತ್ತೆ ಲೆಕ್ಕ ಬರೆದರು. ಆ ವಾರ ಬಟವಾಡೆ ತಡವಾಯಿತು. ಮಗಳ ಫೀಜು ಕಟ್ಟಬೇಕು ಎಂದು ಬಂದ ತಾಯಿಯೊಬ್ಬರು ಬರಿಗೈಲಿ ಹಿಂದಿರುಗಿದ್ದನ್ನು ನಾವು ಮರೆತಿಲ್ಲ. ಆ ತಂತ್ರಾಂಶಕ್ಕೆ ನಾವು ಕೇಳಿದಷ್ಟು ದುಡ್ಡು ಕೊಟ್ಟಿದ್ದೆವು. ಕೊಟ್ಟದ್ದು ತಪ್ಪಲ್ಲ, ನಮ್ಮ ಲೆಕ್ಕ ನಮಗೆ ಬೇಕೆಂದಾಗ ಸಿಗುತ್ತದೆಯೇ ಎಂದು ಕೇಳದೆ ಇದ್ದದ್ದು ತಪ್ಪು.

ಈಗ ಸಹಕಾರ ಕ್ಷೇತ್ರವೆಲ್ಲ ಕಂಪ್ಯೂಟರಿಗೆ ಬರುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಕೇಂದ್ರದ ನೀತಿ 2015ರಲ್ಲೇ ಬಂದಿದೆ. ಇವತ್ತಲ್ಲ ನಾಳೆ ಹಾಲಿನ ಸಂಘವಿರಲಿ, ಪತ್ತಿನ ಸಂಘವಿರಲಿ, ಯಾವುದಾದರೂ ತಂತ್ರಾಂಶವನ್ನು ನಂಬಲೇಬೇಕು.

ಆದ್ದರಿಂದ ಆಫೀಸಿಗೆ ಬಂದ ಆ ಮಾರಾಟಗಾರರ ಮೇಲೆ ನಮಗೆ ಕೋಪವಿಲ್ಲ. ನಲವತ್ತು ವರ್ಷದಿಂದ ವ್ಯಾಪಾರಸ್ಥರ ಬಾಯಲ್ಲಿ ಬಂದ ಮಾತನ್ನೇ ಅವರೂ ಆಡಿದರು. ಅವರ ತಂತ್ರಾಂಶವನ್ನು ಕೊಂಡರೂ ಸರಿ, ಮುಕ್ತ ತಂತ್ರಾಂಶ ಹಾಕಿಸಿ ಅದನ್ನು ನೋಡಿಕೊಳ್ಳುವವರಿಗೆ ಕೂಲಿ ಕೊಟ್ಟರೂ ಸರಿ, ದುಡ್ಡಂತೂ ಖರ್ಚಾಗುತ್ತದೆ. ಹಾಗಾಗಿ “ಎಷ್ಟು ಸ್ವಾಮಿ?” ಎಂಬುದು ಮೊದಲ ಪ್ರಶ್ನೆಯಾಗಬಾರದು. ನಮ್ಮ ಲೆಕ್ಕವನ್ನು ಬೇಕೆಂದ ದಿನ ಬೇರೆ ಕಡೆಗೆ ತೆಗೆದುಕೊಂಡು ಹೋಗಬಹುದೇ? ಮಾರಿದವರು ಅಂಗಡಿ ಮುಚ್ಚಿದರೆ ಇನ್ನೊಬ್ಬರಿಂದ ರಿಪೇರಿ ಮಾಡಿಸಲು ಬರುತ್ತದೆಯೇ? ಪಕ್ಕದ ಊರಿನ ಸಂಘ ಕೇಳಿದರೆ ಕೊಡುವ ಹಕ್ಕಿದೆಯೇ? ಬಿಟ್ಟಿಯಾಗಿ ಸಿಕ್ಕಿದ್ದಾದರೆ ಅದಕ್ಕೆ ದುಡಿದವರಿಗೆ ನಮ್ಮ ಪಾಲು ಏನು? ಈ ನಾಲ್ಕು ಪ್ರಶ್ನೆಗಳನ್ನು ಆಡಳಿತ ಮಂಡಳಿಯವರು ನಡವಳಿ ಪುಸ್ತಕದಲ್ಲಿ ಬರೆಸಿಡಬೇಕು ಎಂದು ವಿನಂತಿಸುತ್ತೇವೆ. ಮುಂದೆ ಯಾರೇ ಅಧ್ಯಕ್ಷರಾಗಲಿ, ಯಾರೇ ಕಾರ್ಯದರ್ಶಿಗಳಾಗಲಿ, ತಂತ್ರಾಂಶ ಕೊಳ್ಳುವ ದಿನ ಆ ಪುಟವನ್ನು ತೆಗೆದು ಓದಲಿ.

ಅಂದು ಆ ಪ್ರಶ್ನೆ ಕೇಳಿದ ಹುಡುಗನಿಗೆ ನಾವು ಸರಿಯಾಗಿ ಉತ್ತರ ಹೇಳಲಿಲ್ಲ. ಇದೇ ನಮ್ಮ ಉತ್ತರ ಎಂದು ತಿಳಿಯಲಿ. ಸಂಘ ಇನ್ನೂ ಇಪ್ಪತ್ತೈದು ವರ್ಷ ಬೆಳೆದು ಸುವರ್ಣ ಮಹೋತ್ಸವ ಕಾಣಲಿ, ಆಗಲೂ ಅದರ ಲೆಕ್ಕ ಅದರ ಸದಸ್ಯರ ಕೈಯಲ್ಲೇ ಇರಲಿ ಎಂದು ಹಾರೈಸುತ್ತೇವೆ.